ಅವ್ವ ತಟ್ಟಿ ನೋಡಿದ ಕಾರು

ಮೊದಲೇ ಹೇಳಿಬಿಡುತ್ತೇನೆ. ದೆವ್ವ ಭೂತ, ಮೈಮೇಲೆ ಬರುವುದು, ಶಕುನ, ಇವು ಯಾವುದನ್ನೂ ನಾನು ನಂಬಿದವನಲ್ಲ. ತುರುವೇಕೆರೆಯಲ್ಲಿ ಪಂಪ್‌ಸೆಟ್ ಮೋಟಾರುಗಳಿಗೆ ತಂತಿ ಸುತ್ತುವ ಅಂಗಡಿ ನಡೆಸಿದವನು ನಾನು. ಸುಟ್ಟ ಮೋಟಾರು ಹೊತ್ತು ತಂದವರು ಒಬ್ಬೊಬ್ಬರೂ ಒಂದೊಂದು ಕಾರಣ ಹೇಳುತ್ತಿದ್ದರು. ಕಣ್ಣು ಬಿತ್ತು, ಅಮಾವಾಸ್ಯೆ ದಿನ ಸ್ವಿಚ್ ಹಾಕಿದೆ, ದಾಯಾದಿ ಬಾವಿ ಹತ್ತಿರ ನಿಂಬೆಹಣ್ಣು ಹೂತಿದ್ದಾನೆ. ನಾನು ಮುಚ್ಚಳ ಬಿಚ್ಚಿ, ಕರಿಬಿದ್ದ ಸುರುಳಿ ತೋರಿಸಿ, "ಒಂದು ಫೇಸ್ ಹೋಗಿತ್ತು ಕಣ್ರೀ, ಅಷ್ಟೇಯ" ಎನ್ನುತ್ತಿದ್ದೆ. ಎಲ್ಲದಕ್ಕೂ ಒಂದು ಕಾರಣ ಇದ್ದೇ ಇರುತ್ತದೆ, ಬಿಚ್ಚಿ ನೋಡುವ ತಾಳ್ಮೆ ಬೇಕು ಎಂಬುದು ನನ್ನ ನಂಬಿಕೆ. ಈಗಲೂ ಹೆಚ್ಚೂಕಡಿಮೆ ಅದೇ. ಒಂದು ಭಾನುವಾರದ ಮಧ್ಯಾಹ್ನವನ್ನು ಮಾತ್ರ ಎಷ್ಟು ಸಲ ಬಿಚ್ಚಿದರೂ ಒಳಗೆ ಏನೂ ಸಿಕ್ಕಿಲ್ಲ.

ಎರಡು ಸಾವಿರದ ಇಸವಿಯ ಆಚೀಚೆ ಇರಬೇಕು. ಹಾಲ್ಕುರಿಕೆ ಕಡೆ ಒಬ್ಬರ ತೋಟಕ್ಕೆ ಮೋಟಾರು ಇಳಿಸಲು ಹೋಗಿದ್ದೆ. ಕೊಟ್ಟಿಗೆಯ ಹಿಂದೆ, ಹುಲ್ಲಿನ ಮೆದೆಗೆ ಒರಗಿಕೊಂಡಂತೆ ಒಂದು ಕಾರು ನಿಂತಿತ್ತು. ಅವರ ಷಡ್ಡಕ ಯಾವುದೋ ಕಾಲದಲ್ಲಿ ಹೊರದೇಶದಿಂದ ಹಡಗಿನಲ್ಲಿ ತಂದದ್ದಂತೆ. ಎರಡೇ ಬಾಗಿಲು. ಹಿಂದೆ ಡಿಕ್ಕಿ ಇಲ್ಲ, ಬಾಲ ಕತ್ತರಿಸಿದ ಹಾಗೆ ಅಲ್ಲಿಗೇ ಮುಗಿಯುತ್ತಿತ್ತು; ಗಾಜಿನ ಸಮೇತ ಮೇಲಕ್ಕೆತ್ತುವ ಹಿಂಬಾಗಿಲು. ನೋಡಲು ಪುಟ್ಟದಾದರೂ ಎಂಜಿನ್ ದೊಡ್ಡದು, ವೇಗಕ್ಕೆಂದೇ ಮಾಡಿದ್ದು. ಕೆಟ್ಟ ಮೇಲೆ ಇಲ್ಲಿ ಅದರ ಸಾಮಾನು ಸಿಗದೆ ಹದಿನಾಲ್ಕು ವರ್ಷದಿಂದ ನಿಂತೇ ಇತ್ತು. ಹಿಂದಿನ ಸೀಟಿನಲ್ಲಿ ಆಳಿನ ಮನೆಯ ಕೋಳಿ ಕಾವಿಗೆ ಕೂತಿತ್ತು. ನೆಲದ ತಗಡು ತುಕ್ಕು ತಿಂದು ಒಳಗಿನಿಂದಲೇ ಹುಲ್ಲು ಕಾಣುತ್ತಿತ್ತು. ಆದರೆ ಬಾಗಿಲು ಎಳೆದುಕೊಂಡಾಗ ಧಪ್ ಎಂದು ಒಂದು ಸದ್ದು ಬಂತು ನೋಡಿ, ಹಳೆಯ ಕಾಲದ ಬೀಗದ ಪೆಟ್ಟಿಗೆ ಮುಚ್ಚಿದಂಥ ಸದ್ದು. ನಾನು ಅಲ್ಲಿಗೇ ಸೋತೆ. ಮೂರು ಮೋಟಾರು ಪುಕ್ಕಟೆ ಸುತ್ತಿಕೊಡುವ ಮಾತಿಗೆ ಕಾರು ನನ್ನದಾಯಿತು.

ಟ್ರ್ಯಾಕ್ಟರಿನಲ್ಲಿ ಅದು ಮನೆಗೆ ಬಂದಾಗ ನನ್ನ ಹೆಂಡತಿ ಗಿರಿಜ ಸೀಟಿನ ಮೇಲಿನ ಪುಕ್ಕ ನೋಡಿ, "ಕೋಳಿ ಗೂಡು ತಂದಿದ್ದೀರಲ್ರೀ, ಲಿಂಗ ಕಟ್ಟಿದೋರ ಮನೆಗೆ!" ಎಂದಳು. ಪಕ್ಕದ ಮನೆಯ ಬಸಣ್ಣ ಕೊಬ್ಬರಿ ದಲ್ಲಾಳಿ, ಮಾತಿಗೆ ಮೊದಲು ನಗುವವನು. "ಇದ್ಯಾಕಣ್ಣ, ಬಾಲ ಕುಯ್ಕೊಂಡು ಕೊಟ್ಟವ್ರೆ?" ಎಂದ. ಅಂದಿನಿಂದ ಅದು ಬೀದಿಗೆಲ್ಲ ಮೋಟು ಕಾರು.

ನಿಲ್ಲಿಸಿದ್ದು ನಮ್ಮ ಅಟ್ಟದ ಕೆಳಗಿನ ಷೆಡ್ಡಿನಲ್ಲಿ. ಈ ಕಡೆಯವರಲ್ಲದವರಿಗೆ ಅಟ್ಟದ ವಿಷಯ ಒಂದು ಮಾತು ಹೇಳಬೇಕು. ನಾವು ಬಲಿತ ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಇಡುತ್ತೇವೆ. ಒಳಗಿನ ನೀರು ತಾನೇ ಇಂಗಿ, ತಿರುಳು ಚಿಪ್ಪು ಬಿಟ್ಟು, ಉಂಡೆ ಕೊಬ್ಬರಿಯಾಗುತ್ತದೆ. ಆತುರಪಟ್ಟು ಒಡೆದರೆ ಕೆಟ್ಟಿತು. ಆಗಿದೆಯೋ ಇಲ್ಲವೋ ತಿಳಿಯುವುದು ಕಿವಿಯಿಂದ. ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಯ ಬಳಿ ಅಲ್ಲಾಡಿಸಬೇಕು. ಒಳಗೆ ಗಡಗಡ ಅಂದರೆ ಆಯಿತು. ನನ್ನ ಅವ್ವನಂಥ ಕಿವಿ ಸುತ್ತ ಹತ್ತು ಊರಿನಲ್ಲಿ ಇರಲಿಲ್ಲ. ಅಲ್ಲಾಡಿಸುವುದೂ ಬೇಕಿರಲಿಲ್ಲ, ತಟ್ಟಿದರೆ ಸಾಕು, "ಇದ್ರಾಗೆ ಇನ್ನೂ ನೀರೈತೆ, ಶಿವರಾತ್ರಿ ಕಳೀಲಿ" ಎಂದು ಪಕ್ಕಕ್ಕಿಡುತ್ತಿದ್ದಳು. ಕೊಬ್ಬರಿ ಇಳಿಸುವ ಕಾಲಕ್ಕೆ ದಂಡಿನಶಿವರದಲ್ಲಿದ್ದ ನನ್ನ ಅಕ್ಕ ಆಕೆಯನ್ನು ಕರೆಸಿಕೊಂಡು ತಿಂಗಳುಗಟ್ಟಲೆ ಬಿಡುತ್ತಿರಲಿಲ್ಲ.

ಎರಡು ವರ್ಷ ನಾನು ಆ ಕಾರಿನ ಕೆಳಗೆ ಬಾಳಿದೆ. ಬೆಳಗ್ಗೆ ಅಂಗಡಿಗೆ ಮುಂಚೆ ಒಂದು ಗಂಟೆ, ಭಾನುವಾರ ಪೂರ್ತಿ. ಏನು ಬಿಚ್ಚಿದೆ, ಯಾವ ಬೋಲ್ಟು ಎಲ್ಲಿಯದು ಎಂದು ದಿನಾ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೆ. ತುಕ್ಕು ಹಿಡಿದ ಬೋಲ್ಟುಗಳಿಗೆ ಕೊಬ್ಬರಿ ಎಣ್ಣೆಗೆ ಸೀಮೆಎಣ್ಣೆ ಬೆರೆಸಿ ಹನಿಹನಿಯಾಗಿ ಬಿಟ್ಟು ಮೂರು ದಿನ ಕಾಯುತ್ತಿದ್ದೆ. ನೂರಾರು ಬೋಲ್ಟಿನಲ್ಲಿ ಮುರಿದದ್ದು ಎರಡೇ. ನೆಲಕ್ಕೆ ಹೊಸ ತಗಡು ಬೆಸುಗೆ ಹಾಕಿಸಿದೆ. ಸಿಗದ ಸಾಮಾನನ್ನು ತಿಪಟೂರಿನ ಲೇತಿನಲ್ಲಿ ಎದುರಿಗೆ ನಿಂತು ಮಾಡಿಸಿದೆ. ವೈರಿಂಗನ್ನಂತೂ ತಲೆಯಿಂದ ಬಾಲದವರೆಗೆ ನಾನೇ ಎಳೆದೆ. ಅದನ್ನು ಈಗ ಬಿಚ್ಚಿ ನೋಡಿದರೂ ನನಗೆ ನಾಚಿಕೆಯಾಗುವುದಿಲ್ಲ.

ದಡ್ಡತನವನ್ನೂ ಮಾಡಿದೆ. ಕೆಂಪು ಬಣ್ಣ ಹೊಡೆದು ಮುಗಿಸಿ, ಧೂಳು ಬೀಳಬಾರದೆಂದು ಷೆಡ್ಡಿನ ಬಾಗಿಲು ಹಾಕಿ ಮಲಗಿದೆ. ಮೇಲೆ ಅಟ್ಟದ ತುಂಬ ಕಾಯಿ ಇದೆಯೆಂಬುದೇ ನೆನಪಿಲ್ಲ. ಇಲಿ ಓಡಾಡಿತೋ ಏನೋ, ಬೆಳಗ್ಗೆ ನೋಡಿದರೆ ಒದ್ದೆ ಬಣ್ಣದ ಮೇಲೆಲ್ಲ ತೆಂಗಿನ ನಾರಿನ ಎಳೆ ಅಂಟಿ ಒಣಗಿದೆ. "ನಿಮ್ ಕಾರಿಗೆ ಗಡ್ಡ ಬಂದೈತೆ ಕಣಣ್ಣ, ಕ್ಷೌರ ಮಾಡ್ಸು" ಎಂದ ಬಸಣ್ಣ. ಪೂರ್ತಿ ಉಜ್ಜಿ ತೆಗೆದು, ಅಟ್ಟದ ಅಡಿಗೆ ಹಳೆಯ ಸೀರೆಗಳನ್ನು ಕಟ್ಟಿ, ಇನ್ನೊಮ್ಮೆ ಹೊಡೆದೆ. ಈ ಸಲ ಬಾಗಿಲ ಮೇಲೆ ಮುಖ ಕಾಣುವಂತಿತ್ತು.

ಎಲ್ಲ ಆಯಿತು, ಎಂಜಿನ್ ಮಾತ್ರ ಹತ್ತಲಿಲ್ಲ. ಕಿಡಿ ಬರುತ್ತಿತ್ತು, ಸ್ಟಾರ್ಟರ್ ತಿರುಗುತ್ತಿತ್ತು, ಪೆಟ್ರೋಲ್ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಒಂದು ಸಲವೂ ಕೆಮ್ಮಲಿಲ್ಲ. ಒಂದು ತಿಂಗಳು ಹೀಗೇ ಕಳೆಯಿತು. ನಾನು ವಿದ್ಯುತ್ತಿನವನು, ಹಾಗಾಗಿ ಮತ್ತೆ ಮತ್ತೆ ತಂತಿಗಳನ್ನೇ ತಡಕಿದೆ. ಟಿಪ್ಪರ್ ರಿಪೇರಿ ಮಾಡುವ ಒಬ್ಬರು ಬಂದು ನೋಡಿ ತಲೆಯಾಡಿಸಿ ಹೋದರು.

ಗಿರಿಜ ತಾಳ್ಮೆಯವಳೇ. ಆದರೆ ಎರಡು ವರ್ಷದಿಂದ ಷೆಡ್ಡಿಲ್ಲದೆ ನಮ್ಮ ಕಾಯನ್ನು ಬಸಣ್ಣನ ಅಂಗಳದಲ್ಲಿ ಸುಲಿಸಬೇಕಾಗಿತ್ತು, ಅವನ ತಮಾಷೆಯನ್ನೂ ಕೇಳಬೇಕಾಗಿತ್ತು. ಆ ವಾರ ಕಡ್ಡಿ ಮುರಿದಂತೆ ಹೇಳಿದಳು: "ಸೋಮವಾರ ಬೆಳಗ್ಗೆ ಗುಜರಿಯವ್ನು ಬರ್ತಾನೆ. ಅಷ್ಟ್ರೊಳಗೆ ಅದು ತಾನಾಗೇ ಆಚೆ ಬಂದ್ರೆ ನಿಮ್ದು. ಇಲ್ದಿದ್ರೆ ಅವನ್ದು." ನಾನು ಒಪ್ಪಿಕೊಂಡೆ. ಒಪ್ಪಿಕೊಂಡದ್ದಕ್ಕೆ ಮೂರು ದಿನ ಊಟ ಸೇರಲಿಲ್ಲ. ಕಾರು ಹೋಗುವುದಿರಲಿ, ಕೈಯಿಂದ ಮಾಡಿದ ಕೆಲಸ ಗುಜರಿಗೆ ಹೋಗುವುದನ್ನು ಬೀದಿಯವರ ಎದುರು ನಿಂತು ನೋಡಬೇಕಲ್ಲ.

ಆ ಭಾನುವಾರ ಗಿರಿಜ ಬೆಳಗ್ಗೆಯೇ ಒಂದು ನಾಮಕರಣಕ್ಕೆ ಹೋದಳು. ಅವ್ವ ಆಗ ದಂಡಿನಶಿವರದಲ್ಲಿ ಅಕ್ಕನ ಮನೆಯಲ್ಲಿದ್ದಳು, ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಮಧ್ಯಾಹ್ನ ಎರಡರ ಹೊತ್ತು, ನಾನು ಕಾರಿನ ಮುಂಭಾಗದ ಕೆಳಗೆ ಚಾಪೆ ಹಾಸಿ ಅಂಗಾತ ಮಲಗಿ ಸ್ಟಾರ್ಟರಿನ ತಂತಿ ನೋಡುತ್ತಿದ್ದೆ. ಬಾಗಿಲ ಬೆಳಕಿಗೆ ಎರಡು ಪಾದ ಅಡ್ಡ ಬಂದವು. ಬರಿಗಾಲು, ಮಾಸಿದ ಹಸಿರು ಅಂಚಿನ ಸೀರೆ, ಬಲಗಾಲಿನ ಕಿರುಬೆರಳು ಪಕ್ಕದ ಬೆರಳಿನ ಮೇಲೆ ಹತ್ತಿ ಕೂತಿದೆ. ಅವ್ವ.

"ಏನ್ಲಾ, ಇನ್ನೂ ಎದ್ದಿಲ್ವಾ ನಿನ್ ಕಾರು?"

"ಇಲ್ಲ ಕಣವ್ವ. ಯಾವಾಗ್ ಬಂದೆ? ಒಳ್ಗೆ ಅನ್ನ ಮುಚ್ಚಿಟ್ಟೈತೆ, ಉಣ್ಣೋಗು."

ಹೇಳದೆ ಕೇಳದೆ ಬಸ್ಸು ಹತ್ತಿ ಬರುವುದು ಆಕೆಯ ರೂಢಿ, ನನಗೇನೂ ಅನ್ನಿಸಲಿಲ್ಲ. ಮೂಲೆಯ ಗಡಿಗೆಯಿಂದ ಚೊಂಬಿಗೆ ನೀರು ಬಗ್ಗಿಸಿಕೊಂಡ ಸದ್ದು, ಕುಡಿದ ಸದ್ದು ಕೇಳಿಸಿತು. ಆಮೇಲೆ ಪಾದಗಳು ಕಾರಿನ ಸುತ್ತ ಹೊರಟವು. ಟಕ್, ಟಕ್, ಟಕ್. ತಗಡಿನ ಮೇಲೆ ಬೆರಳ ಗೆಣ್ಣು. ಹೊಸ ಬಣ್ಣಕ್ಕೆ ಗೀರು ಬಿದ್ದೀತೆಂದು ನನಗೆ ಸಿಟ್ಟೇ ಬಂತು. ಸದ್ದು ಹಿಂದಕ್ಕೆ ಹೋಗಿ, ಎಡಗಡೆಯ ಹಿಂದಿನ ಚಕ್ರದ ಹತ್ತಿರ ನಿಂತಿತು. ಅಲ್ಲಿ ಎರಡು ಸಲ ತಟ್ಟಿದಳು.

"ಇಲ್ಲಿ ನೀರೈತೆ ಕಣ್ಲಾ. ಇಂಗಿಲ್ಲ."

"ನೀರೆಲ್ಲಿಂದ ಬತ್ತದವ್ವ, ಟ್ಯಾಂಕು ಬಿಚ್ಚಿ ಎಂಟು ದಿನ ಬಿಸ್ಲಿಗೆ ಇಟ್ಟಿದ್ದೆ."

"ನಿನ್ ಟ್ಯಾಂಕು ಗೀಂಕು ನಂಗೊತ್ತಿಲ್ಲ. ಇಲ್ಲಿ ಐತೆ, ಅಷ್ಟೇಯ. ಬಸ್ಸಿನ್ ಹೊತ್ತಾಯ್ತು, ಬತ್ತೀನಿ."

ಉಂಡು ಹೋಗು ಎಂದೆ. ಪಾದಗಳು ಆಗಲೇ ಬಾಗಿಲು ದಾಟಿದ್ದವು. ತಂತಿ ಬಿಗಿದು ನಾನು ಹೊರಗೆ ಬರುವಷ್ಟರಲ್ಲಿ ಐದು ನಿಮಿಷವಾದರೂ ಆಗಿರಬೇಕು. ಬೀದಿಯಲ್ಲಿ ಬಿಸಿಲು ಬಿಟ್ಟರೆ ಏನೂ ಇರಲಿಲ್ಲ.

ನಂಬಿ ಅಲ್ಲ, ಬೇರೇನೂ ತೋಚದೆ ಚಾಪೆಯನ್ನು ಹಿಂದಕ್ಕೆ ಎಳೆದುಕೊಂಡೆ. ಎಡ ಚಕ್ರದ ಒಳಮಗ್ಗುಲಲ್ಲಿ ಹಳೆಯ ಡಾಂಬರಿನಂಥ ಲೇಪ ಗಟ್ಟಿಯಾಗಿ ಕೂತಿತ್ತು. ಗಟ್ಟಿಮುಟ್ಟಾಗಿದೆಯೆಂದು ಎರಡು ವರ್ಷ ಅದನ್ನು ನಾನು ಮುಟ್ಟಿರಲಿಲ್ಲ. ಉಳಿಯಿಂದ ಕೆರೆದೆ. ಅದರ ಹಿಂದೆ, ಒಂದು ಉಂಡೆ ಕೊಬ್ಬರಿಯಷ್ಟು ದಪ್ಪದ ಪುಟ್ಟ ಡಬ್ಬಿ. ಜೋರಾಗಿ ತಿರುವಿನಲ್ಲಿ ಹೋಗುವಾಗ ಪೆಟ್ರೋಲ್ ತಪ್ಪಬಾರದೆಂದು ಇಂಥ ವೇಗದ ಕಾರುಗಳಿಗೆ ಹಾಗೊಂದು ಇಟ್ಟಿರುತ್ತಾರೆಂದು ಎಷ್ಟೋ ದಿನದ ಮೇಲೆ ತಿಳಿಯಿತು. ಆ ದಿನ ಅಂಥದ್ದೊಂದು ಇದೆಯೆಂದೇ ನನಗೆ ಗೊತ್ತಿರಲಿಲ್ಲ. ಕೆಳಗಿನ ತಿರುಪು ಸಡಿಲಿಸಿದೆ. ಮುಂಗೈ ಮೇಲೆ ತಣ್ಣಗೆ ಇಳಿಯಿತು. ತುಕ್ಕು ಬೆರೆತ ಕೆಂಪು ನೀರು. ಮೇಲೆ ಒಂದಿಷ್ಟು ಪೆಟ್ರೋಲ್ ತೇಲುತ್ತಿತ್ತು, ವಾಸನೆ ಅದರದು. ಎಂಜಿನ್ನಿಗೆ ನಾನು ಒಂದು ತಿಂಗಳಿಂದ ನೀರು ಕುಡಿಸುತ್ತಿದ್ದೆ.

ಡಬ್ಬಿ ತೊಳೆದು, ಕೊಳವೆಗಳನ್ನು ಊದಿ, ಹೊಸ ಪೆಟ್ರೋಲ್ ಹಾಕಿ ಕೀಲಿ ತಿರುಗಿಸಿದೆ. ಮೂರನೆಯ ಸಲಕ್ಕೆ ಕೆಮ್ಮಿತು. ನಾಲ್ಕನೆಯದಕ್ಕೆ ಹತ್ತಿತು. ಎಂಥ ಆರ್ಭಟ ಅಂತೀರಿ! ಹೊಗೆಕೊಳವೆಯಿಂದ ಇಲಿಗೂಡಿನ ಚೂರು ಹಾರಿತು, ಅಟ್ಟ ಅದುರಿ ಮೇಲಿನ ಒಣ ಕಾಯಿಗಳೆಲ್ಲ ಗಡಗಡ ಎಂದವು. ಬಸಣ್ಣ ಊಟದ ಕೈಯಲ್ಲೇ ಓಡಿ ಬಂದ, ಅವತ್ತು ಮಾತ್ರ ಅವನಿಗೆ ತಮಾಷೆ ಹೊಳೆಯಲಿಲ್ಲ. ಕಾರನ್ನು ಮೆಲ್ಲಗೆ ಬೀದಿಗೆ ತಂದು ನಿಲ್ಲಿಸಿದೆ. ನಲವತ್ತೈದು ವರ್ಷದ ಗಂಡಸು, ಸ್ಟೀರಿಂಗ್ ಹಿಡಿದುಕೊಂಡು ಅತ್ತುಬಿಟ್ಟೆ ಎಂದು ಬರೆಯಲು ನನಗೆ ಸಂಕೋಚವಿಲ್ಲ.

ಸಂಜೆ ಗಿರಿಜ ಬಂದಳು. ಬೀದಿಯಲ್ಲಿ ನಿಂತ ಕಾರನ್ನು ಒಂದು ಸುತ್ತು ನೋಡಿ, ಸೆರಗಿನಿಂದ ಗಾಜಿನ ಮೇಲಿನ ಧೂಳು ಒರೆಸಿದಳು. ಆಮೇಲೆ ಷೆಡ್ಡಿಗೆ ಹೋದವಳು ಅಲ್ಲಿಂದಲೇ ಕೂಗಿದಳು, "ಅತ್ತೆ ಬಂದಿದ್ರೇನ್ರೀ? ಚೊಂಬು ಬೋರಲು ಹಾಕೈತೆ." ನಮ್ಮ ಮನೆಯಲ್ಲಿ ನೀರು ಕುಡಿದು ಚೊಂಬನ್ನು ಬೋರಲು ಹಾಕುವವಳು ಅವ್ವ ಒಬ್ಬಳೇ. ಬಂದಿತ್ತು, ನಿಲ್ಲದೆ ಹೋಯಿತು ಎಂದೆ.

ಮರುದಿನ ಗುಜರಿಯವನಿಗೆ ಮಜ್ಜಿಗೆ ಕೊಟ್ಟು ಕಳಿಸಿ, ಗಿರಿಜಳನ್ನು ಕೂರಿಸಿಕೊಂಡು ದಂಡಿನಶಿವರಕ್ಕೆ ಹೊರಟೆ. ಅವ್ವನಿಗೆ ತೋರಿಸಲೇಬೇಕಿತ್ತು. ತೆಂಗಿನ ಸಾಲಿನ ನಡುವೆ ಆ ಕಾರು ಮೊದಲ ಸಲ ಮೈಬಿಟ್ಟು ಓಡಿದ್ದನ್ನು ಈಗಲೂ ಅಂಗೈಯಲ್ಲಿ ನೆನೆಸಿಕೊಳ್ಳಬಲ್ಲೆ. ಅಕ್ಕ ಬಾಗಿಲಿಗೇ ಬಂದಳು. ಅವ್ವ ಎಲ್ಲಿ, ನಿನ್ನೆ ಬಿಸಿಲಲ್ಲಿ ಬಂದು ಹೋದದ್ದಕ್ಕೆ ದಣಿವಾಯಿತೇನೋ ಎಂದೆ.

"ಎಲ್ಲಿಗ್ಲಾ ಹೋಗಿತ್ತು? ನಿನ್ನೆ ಬೆಳಗ್ಗೆ ಅಟ್ಟ ಹತ್ತಿದ್ದು, ದೀಪ ಹಚ್ಚೋ ಹೊತ್ಗೆ ಇಳೀತು. ಉಣ್ಣಾಕೂ ಇಳೀಲಿಲ್ಲ, ನಾನೇ ತಟ್ಟೆ ಏಣಿ ಮ್ಯಾಲೆ ಕೊಟ್ಟೆ."

ಕಾಯಿ ಆರಿಸಲು ಬಂದಿದ್ದ ಇಬ್ಬರು ಹೆಂಗಸರೂ ಅದನ್ನೇ ಹೇಳಿದರು. ಅಷ್ಟರಲ್ಲಿ ಅವ್ವನೇ ಹೊರಗೆ ಬಂದು, ಕೆಂಪು ಕಾರು ನೋಡಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಮುಂದಿನ ಸೀಟಿನಲ್ಲಿ ಕೂತು ಊರು ಮೂರು ಸುತ್ತು ಹಾಕಿಸಿದಳು. ಮನೆ ಮನೆ ಮುಂದೆಯೂ ನಿಲ್ಲಿಸು ಎಂದಳು. ನಿನ್ನೆಯ ವಿಷಯ ಕೇಳಲು ಧೈರ್ಯ ಸಾಲಲಿಲ್ಲ.

ನಿದ್ದೆ ಹತ್ತಿರಬೇಕು ಎನ್ನುವವರಿದ್ದಾರೆ. ಇರಬಹುದು. ಮುಖ ನೋಡಿದೆಯಾ ಎನ್ನುತ್ತಾರೆ. ಇಲ್ಲ, ಪಾದ ನೋಡಿದೆ, ದನಿ ಕೇಳಿದೆ. ನಾನೇ ಎಂದೋ ಆ ಜಾಗದಲ್ಲಿ ತಗಡು ತಟ್ಟಿದ್ದಾಗ ಮಂದ ಸದ್ದು ಕಿವಿಗೆ ಬಿದ್ದು ಒಳಗೆ ಉಳಿದಿತ್ತೋ, ಬೇಕಾದ ಹೊತ್ತಿಗೆ ಅವ್ವನ ದನಿಯಲ್ಲಿ ಎದ್ದು ಬಂತೋ. ಈ ವಾದವನ್ನು ನಾನೇ ನನಗೆ ನೂರು ಸಲ ಹೇಳಿಕೊಂಡಿದ್ದೇನೆ. ಚೊಂಬಿನ ಹತ್ತಿರ ಬಂದಾಗ ನಿಂತುಬಿಡುತ್ತೇನೆ.

ಅವ್ವ ತೀರಿಹೋಗುವ ಮುಂಚಿನ ವರ್ಷ, ಜಗಲಿಯ ಮೇಲೆ ಇಬ್ಬರೇ ಕೂತಿದ್ದಾಗ, ಕೊನೆಗೂ ಎಲ್ಲವನ್ನೂ ಹೇಳಿದೆ. ಪಾದ, ನೀರು, ಟಕ್ ಟಕ್, ಎಲ್ಲ. ನಗುತ್ತಾಳೆ ಎಂದುಕೊಂಡಿದ್ದೆ. ಆಕೆ ಎಲೆಗೆ ಸುಣ್ಣ ಸವರುತ್ತಾ ಕೂತಿದ್ದಳು.

"ಅದ್ನ ಯಾರ ಹತ್ರಾನೂ ಅನ್ಬೇಡ ಕಣ್ಲಾ ಮಗ," ಎಂದಳು. "ಯಾರೂ ಹೇಳ್ಕೊಡ್ದೆ ನನ್ ಮಗ ಒಬ್ನೇ ಮಾಡ್ದ ಅಂತ ಊರ್ಗೆಲ್ಲ ಹೇಳ್ಕಂಡ್ ಬಂದಿವ್ನಿ. ಈ ವಯಸ್ನಾಗೆ ನನ್ನ ಸುಳ್ಳಿ ಅನ್ನುಸ್ಬೇಡ."

ಎಲೆ ಮಡಿಸಿ ಬಾಯಿಗಿಟ್ಟುಕೊಂಡಳು. ತಾನು ಬಂದಿರಲಿಲ್ಲ ಎಂದು ಮಾತ್ರ ಅವ್ವ ಹೇಳಲಿಲ್ಲ.