ಒಂದು ಗೇಣು ಗಿಡ್ಡವಾದ ಪರದೆ

ನಮ್ಮ ಮನೆಯವರಿಗೆ ಬೀದಿಯವರು ಇಟ್ಟ ಅಡ್ಡಹೆಸರು ‘ಸೆಂಟಿಮೀಟರ್’. ಹಾಗೆ ಕರೆದವರ ಮೇಲೆ ನನಗೆ ಸಿಟ್ಟಿಲ್ಲ. ಇವರು ಇದ್ದದ್ದೇ ಹಾಗೆ. ಗೋಡೆಯ ಮೇಲಿನ ಪಟ ಕೂದಲೆಳೆಯಷ್ಟು ವಾಲಿದ್ದರೂ ಊಟಕ್ಕೆ ಕೂತವರು ಎದ್ದು ಹೋಗಿ ಸರಿಮಾಡಬೇಕು. ನಾನು ಬಟ್ಟೆ ಹೊಲಿಯುವವಳು, ಇಡೀ ದಿನ ಟೇಪು ಕೊರಳಲ್ಲೇ ಇರುತ್ತದೆ. ನಾನು ಅಳೆದದ್ದನ್ನೂ ಮತ್ತೊಮ್ಮೆ ಅಳೆದು ನೋಡುವ ಮಹಾನುಭಾವ ಇವರು!

ಇವರ ಕೆಲಸ ನನ್ನ ಅಣ್ಣನ ಕಂಪನಿಯಲ್ಲಿ. ಕಂಪನಿ ಎಂದರೆ ಒಂದು ಡ್ರೋನ್, ಎರಡು ಕಂಪ್ಯೂಟರ್, ಕೆಳಗಿನ ಮನೆಯ ಮುಂದಿನ ಕೋಣೆ. ಮಹಡಿಯ ಮೇಲೆ ಒಂದೂವರೆ ಕೋಣೆಯಲ್ಲಿ ನಾವು. ಇವರ ಹಳೆಯ ಕೆಲಸ ಹೋದಾಗ ಕೆಲಸ, ಸೂರು ಎರಡನ್ನೂ ಕೊಟ್ಟವನು ಅಣ್ಣ. ಇಬ್ಬರೂ ಒಬ್ಬರನ್ನೊಬ್ಬರು ‘ಭಾವ’ ಎಂದೇ ಕರೆಯುವುದು. ಕೆಳಗಿನಿಂದ “ಭಾವಾ” ಎಂಬ ಕೂಗು ಬಂದರೆ ಇವರು ಕೈಯಲ್ಲಿನ ತುತ್ತು ಬಿಟ್ಟು ಏಳುತ್ತಿದ್ದರು. ಇವರು ಕರೆದರೆ ಅಣ್ಣ ಹಾಗೆ ಎದ್ದದ್ದನ್ನು ನಾನಂತೂ ಕಂಡಿಲ್ಲ.

ಡ್ರೋನ್ ಮೇಲಿನಿಂದ ತೆಗೆದ ನೂರಾರು ಚಿತ್ರಗಳನ್ನು ಕಂಪ್ಯೂಟರ್ ಒಂದೇ ನಕ್ಷೆಯಾಗಿ ಜೋಡಿಸುತ್ತದೆ. ಆದರೆ ಆ ನಕ್ಷೆ ನೆಲಕ್ಕೆ ಸರಿಯಾಗಿ ಕೂರಬೇಕಲ್ಲ? ಬಟ್ಟೆಗೆ ಗುಂಡುಸೂಜಿ ಚುಚ್ಚಿದ ಹಾಗೆ ಅದನ್ನು ಅಲ್ಲಲ್ಲಿ ನೆಲಕ್ಕೆ ಹಿಡಿದಿಡಬೇಕು. ಅದು ಇವರ ಕೆಲಸ. ಕಪ್ಪು ಬಿಳುಪು ಚೌಕದ ಹಲಗೆಗಳನ್ನು ನೆಲದ ಮೇಲಿಟ್ಟು, ಪ್ರತಿಯೊಂದರ ನಡುವೆ ಎರಡು ಮೀಟರ್ ಕೋಲು ನಿಲ್ಲಿಸಿ, ಕೋಲಿನ ತುದಿಯಲ್ಲಿರುವ ಜಿಪಿಎಸ್ ಯಂತ್ರದಿಂದ ಆ ಜಾಗವನ್ನೂ ಎತ್ತರವನ್ನೂ ಅಳೆಯುವುದು. ಕೋಲಿನ ಉದ್ದವನ್ನು ಯಂತ್ರಕ್ಕೆ ಮೊದಲೇ ತಿಳಿಸಿರಬೇಕು. ಅಷ್ಟನ್ನು ಕಳೆದು ಅದು ನೆಲದ ಎತ್ತರ ಹೇಳುತ್ತದೆ.

ಆ ಸಲ ನಕ್ಷೆ ಬೇಕಾಗಿದ್ದದ್ದು ಒಂದು ಚರಂಡಿಗೆ. ಮಳೆ ಬಂದರೆ ಶಿಶುವಿಹಾರದ ಬೀದಿಯಲ್ಲಿ ಮಕ್ಕಳ ಮೊಣಕಾಲುದ್ದ ನೀರು ನಿಲ್ಲುತ್ತಿತ್ತು. ಅದನ್ನು ಕೆಳಗಿನ ಕಾಲುವೆಗೆ ಸಾಗಿಸಬೇಕು. ಇವರು ಹದಿನಾಲ್ಕು ಹಲಗೆ ಇಟ್ಟು ಅಳೆದು ಬಂದರು. ನಕ್ಷೆಯಾಯಿತು, ಅಣ್ಣ ಸಹಿ ಹಾಕಿದ, ಅಗೆಯುವುದೂ ಶುರುವಾಯಿತು.

ಕೋಲು ನಮ್ಮ ಬಾಗಿಲ ಹಿಂದೆ ನಿಂತಿತ್ತು. ನಮ್ಮ ಒಂದೂವರೆ ಕೋಣೆಯ ನಡುವೆ ಬಾಗಿಲಿಲ್ಲ, ಪರದೆಯೇ ಗತಿ. ಹಳೆಯದು ಹರಿದಿತ್ತೆಂದು ಹೊಸದು ಹೊಲಿಯಲು ಕೂತೆ. ಎರಡು ಮೀಟರ್ ಉದ್ದ ಬೇಕು, ನನ್ನ ಟೇಪು ಒಂದೂವರೆ ಮೀಟರಿಗೇ ಮುಗಿಯುತ್ತದೆ. ಎರಡು ಮೀಟರ್ ಕೋಲು ಕಣ್ಣೆದುರೇ ಇರುವಾಗ ಚಿಂತೆ ಯಾಕೆ ಎಂದು ಅದನ್ನೇ ಬಟ್ಟೆಯ ಮೇಲೆ ಮಲಗಿಸಿ, ಮಡಿಚಿ ಹೊಲಿಯಲು ಬೇರೆ ಬಟ್ಟೆ ಬಿಟ್ಟು ಕತ್ತರಿಸಿದೆ. ತೂಗುಹಾಕಿ ನೋಡಿದರೆ ಪರದೆ ನೆಲದಿಂದ ಒಂದು ಗೇಣು ಮೇಲೆ!

“ಏನ್ರೀ, ನಿಮ್ ಕೋಲು ಮೋಸದ ಕೋಲು! ನನ್ ಪರದೆಗೆ ಮೊಣಕಾಲ್ ಪ್ಯಾಂಟ್ ಹಾಕಿಸ್ತು ನೋಡಿ,” ಎಂದು ನಕ್ಕೆ.

ಅವರು ನಗಲಿಲ್ಲ. ಕೋಲೆತ್ತಿ ಅದರ ಮೇಲಿನ ಗೆರೆ ನೋಡಿದರು. ಒಂದು ಮೀಟರ್ ಎಂಬತ್ತು.

“ಕಾಲುವೆ ಹತ್ರ ಗಾಳಿ ಜೋರಿತ್ತು ಕಣೇ. ಕೋಲು ಅಲ್ಲಾಡ್ತಿತ್ತು ಅಂತ ಒಳಕ್ಕೆ ತಳ್ಳಿ ಸ್ವಲ್ಪ ಗಿಡ್ಡ ಮಾಡ್ದೆ. ಯಂತ್ರಕ್ಕೆ ಹೇಳೋದು ಮರ್ತೇಬಿಟ್ಟೆ.”

“ಅದ್ರಿಂದ ಏನಾಗುತ್ತೆ?”

“ಕಾಲುವೆ ಕಡೆ ನೆಲ ನಕ್ಷೇಲಿ ಇಪ್ಪತ್ತು ಸೆಂಟಿಮೀಟರ್ ಕೆಳಗೆ ಕೂತಿದೆ. ಶಿಶುವಿಹಾರದಿಂದ ಅಲ್ಲಿಗೆ ಇಳಿಜಾರು ಇಪ್ಪತ್ತೈದು ಅಂತ ಬರ್ದಿದೀವಿ. ನಿಜವಾಗಿ ಇರೋದು ಐದೇ. ನೀರು ಹೋಗಲ್ಲ, ಅಲ್ಲೇ ನಿಲ್ಲುತ್ತೆ.”

“ತಪ್ಪು ಹಿಡಿಯೋಕೆ ಅಂತಲೇ ಬೇರೆ ಹಲಗೆ ಇಡ್ತೀರಲ್ಲ?”

“ಆ ಕಡೆ ಅವನ್ನೂ ಈ ಗಿಡ್ಡ ಕೋಲಲ್ಲೇ ಅಳೆದೆ. ತಪ್ಪಿಗೂ ತಪ್ಪಿಗೂ ತಾಳೆ ಆಗಿದೆ,” ಎಂದು ನೆಲದ ಮೇಲೆ ಕೂತುಬಿಟ್ಟರು.

ಬೆಳಿಗ್ಗೆ ಅಣ್ಣನ ಬಳಿ ಹೋದರು. ನಾನು ಮೆಟ್ಟಿಲ ಮೇಲೆ ನಿಂತು ಕೇಳಿಸಿಕೊಂಡೆ.

“ಭಾವ, ತಲೆ ನೆಟ್ಟಗಿದ್ಯಾ ನಿಮಗೆ? ಸಹಿ ಹಾಕಿರೋನು ನಾನು. ಈಗ ತಪ್ಪಾಯ್ತು ಅಂದ್ರೆ ಇನ್ಯಾರಾದ್ರೂ ನಮಗೆ ಕೆಲಸ ಕೊಡ್ತಾರಾ? ಎಲ್ರೂ ಬೀದಿಗೆ ಬೀಳ್ಬೇಕಾ? ನೀರು ನಿಂತ್ರೆ ಕಟ್ಟಿದೋರನ್ನ ಬೈತಾರೆ ಬಿಡಿ.”

ಇವರು ಮೇಲೆ ಬಂದು ನನ್ನ ಮುಖ ನೋಡಿದರು. ನಾನೇನು ಕಡಿಮೆ? “ಅಣ್ಣ ಹೇಳಿದ್ರಲ್ಲಿ ತಪ್ಪೇನು? ಇಲ್ಲಿಂದ ಎಬ್ಬಿಸಿದ್ರೆ ಎಲ್ಲಿಗೆ ಹೋಗೋದು? ಬಾಯಿ ಮುಚ್ಕೊಂಡಿರಿ,” ಎಂದೆ. ಈಗಲೂ ಆ ಮಾತು ನೆನೆದರೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಆಮೇಲೆ ಅವರಿಗೆ ನುಂಗಲೂ ಆಗದು, ಉಗುಳಲೂ ಆಗದು. ನಾನು ಈಚೆ ಹೊಲಿಯುತ್ತಿದ್ದರೆ ಪರದೆಯಾಚೆ ಅವರು ಶತಪಥ ತಿರುಗುತ್ತಿದ್ದರು. ಅವರ ಪಾದಗಳಷ್ಟೇ ನನಗೆ ಕಾಣುತ್ತಿದ್ದವು. ಗೋಡೆಯಿಂದ ಐದು ಹೆಜ್ಜೆ, ತಿರುಗಿ ಐದು ಹೆಜ್ಜೆ. ಎರಡು ದಿನ ನೋಡಿದೆ, ಮೂರನೆಯ ದಿನ ಜೀವ ತಡೆಯಲಿಲ್ಲ. ಪರದೆಯ ಕೆಳಗೆ ಒಂದು ಗೇಣು ಪಟ್ಟಿ ಜೋಡಿಸಿ ಹೊಲಿದುಬಿಟ್ಟೆ. ಪಾದ ಮರೆಯಾಯಿತು, ಹೆಜ್ಜೆಯ ಸದ್ದು ನಿಲ್ಲಲಿಲ್ಲ.

ಸೋಮವಾರ ಬೆಳಿಗ್ಗೆ ಚರಂಡಿಗೆ ಕಾಂಕ್ರೀಟ್ ಸುರಿಯುವುದಿತ್ತು. ನಾನು ಹೊಲಿದ ಬಟ್ಟೆ ಕೊಟ್ಟು ಮನೆಗೆ ಬಂದೆ. ಪರದೆ ಮತ್ತೆ ಗಿಡ್ಡವಾಗಿತ್ತು. ಪಟ್ಟಿಯ ಹೊಲಿಗೆಯನ್ನು ಒಂದೊಂದಾಗಿ ಬಿಚ್ಚಿ, ಅಂಚಿಗೆ ಅಂಚು ಸೇರಿಸಿ ಮಡಿಚಿ ನನ್ನ ಮಿಷಿನ್ನಿನ ಮೇಲಿಟ್ಟಿದ್ದರು. ಬಾಗಿಲ ಹಿಂದೆ ಕೋಲಿರಲಿಲ್ಲ. ಅಯ್ಯೋ ದೇವರೇ ಎಂದು ಒಳಗೆ ಹೋಗಿ ಹಾಸಿಗೆಯ ಮೇಲೆ ಕೂತೆ.

ಮೆಟ್ಟಿಲ ಮೇಲೆ ದಡದಡ ಸದ್ದಾಯಿತು. ಪರದೆಯ ಕೆಳಗೆ ಅಣ್ಣನ ಪಾದಗಳು ಬಂದು ನಿಂತವು.

“ಭಾವ ಎಲ್ಲಿ? ಕಾಂಕ್ರೀಟ್ ನಿಲ್ಲಿಸಿದಾರಂತೆ! ಕೋಲು ಹಿಡ್ಕೊಂಡು ಹೋಗಿ ಇಂಜಿನಿಯರ್ ಮುಂದೆ ಎಲ್ಲಾ ಒದರಿದಾರಂತೆ!”

ಪಾದಗಳು ಬಾಗಿಲ ಕಡೆಗೊಮ್ಮೆ ತಿರುಗಿ ಮತ್ತೆ ಪರದೆಯತ್ತ ಬಂದವು.

“ನಿನಗೆ ಗೊತ್ತಿತ್ತಾ? ನೀನೇ ಕಳಿಸಿದ್ಯಾ?”

ಇಲ್ಲ ಎಂದರೆ ಅದು ನಿಜವೇ ಆಗುತ್ತಿತ್ತು. ತಂಗಿಯ ತಪ್ಪೇನಿಲ್ಲ ಎಂದು ಸೂರಾದರೂ ಉಳಿಯುತ್ತಿತ್ತು. ಎದ್ದು ಹೋಗಿ ಪರದೆ ಸರಿಸಿದೆ.

“ಹೂಂ ಅಣ್ಣಾ,” ಎಂದೆ. “ನಾನೇ ಕಳಿಸಿದೆ.”