ಕಾಕಾನ ರನ್‌ವೇ ಮೇಲೆ ನನ್ನ ಸೋಯಾ

ಬೀಜದ ಚೀಲದ ಬಾಯಿ ಕಟ್ಟಲು ಹಳೆ ಬಟ್ಟೆ ಬೇಕಾಗಿತ್ತು. ಮೊನ್ನೆ ಅಟ್ಟದ ಮೇಲಿನ ಟ್ರಂಕು ಇಳಿಸಿದೆ. ಹರಿದ ಸೀರೆಗಳ ಅಡಿಯಲ್ಲಿ ಕೈಗೆ ಸಿಕ್ಕಿದ್ದು ಕೇಸರಿ ಬಟ್ಟೆಯ ಉದ್ದನೆಯ ಚೀಲ. ಅದಕ್ಕೆ ಎರಡೂ ಕಡೆ ಬಾಯಿ, ಒಂದು ಅಗಲ, ಒಂದು ಸಣ್ಣದು. ಮೂಗಿಗೆ ಹಿಡಿದು ನೋಡಿದೆ. ಪೆಟ್ರೋಲಿನ ವಾಸನೆ, ಅದರ ಜೊತೆಗೆ ಒಣದ್ರಾಕ್ಷಿಗೆ ಕೊಡುವ ಗಂಧಕದ ಹೊಗೆಯ ಘಾಟು... ಇಷ್ಟು ವರ್ಷವಾದರೂ ಹೋಗಿಲ್ಲ. ಅಳು ಬರಬೇಕಿತ್ತು, ಸಿಟ್ಟು ಬಂತು. ಕಾಕಾನ ಮೇಲೆಯೇ ಸಿಟ್ಟು.

ಶಿರಗುಪ್ಪಿಯಿಂದ ಐನಾಪುರಕ್ಕೆ ಹೋಗುವ ದಾರಿಯಲ್ಲಿ ನಮ್ಮ ಹೊಲಕ್ಕೆ ಹತ್ತಿಕೊಂಡೇ ಕಾಕಾನ ದ್ರಾಕ್ಷಿ ತೋಟ. ನಮಗೂ ಅವರಿಗೂ ಸಂಬಂಧವೇನಿಲ್ಲ. ನಾನು ಮದುವೆಯಾಗಿ ಬಂದ ದಿನದಿಂದ ಅವರನ್ನು ಕಾಕಾ, ಅವರ ಹೆಂಡತಿಯನ್ನು ಕಾಕು ಎಂದೇ ಕರೆದೆ. ವಾಯುಸೇನೆಯಲ್ಲಿ ಇಪ್ಪತ್ತು ವರ್ಷ ಇಂಜಿನ್ ಮೆಕ್ಯಾನಿಕ್ ಆಗಿದ್ದವರು ಅವರು. ಇಪ್ಪತ್ತು ವರ್ಷವೂ ನೆಲದ ಮೇಲೆಯೇ. "ನಾ ರಿಪೇರಿ ಮಾಡೂದು, ಬ್ಯಾರೇದವರು ಹತ್ತಿ ಹಾರೂದು," ಎಂದು ನಗುತ್ತಿದ್ದರು. ಪಿಂಚಣಿ ಬಂದ ಮೇಲೆ ಆ ಮನುಷ್ಯ ಸುಮ್ಮನೆ ದ್ರಾಕ್ಷಿ ಬೆಳೆದುಕೊಂಡು ಇರಬಾರದಿತ್ತೇ? ಇರಲಿಲ್ಲ. ಅರವತ್ತು ದಾಟಿದ ಮೇಲೆ ಫ್ಲೈಯಿಂಗ್ ಕ್ಲಬ್ಬಿಗೆ ಓಡಾಡಿ, ತಮ್ಮ ಮೊಮ್ಮಕ್ಕಳ ಓರಗೆಯವರ ಪಕ್ಕ ಕೂತು ಹಾರುವುದನ್ನು ಕಲಿತು, ಒಂದು ದಿನ ಲಾರಿಯಲ್ಲಿ ಹಳೆಯದೊಂದು ವಿಮಾನ ತಂದು ಒಣದ್ರಾಕ್ಷಿಯ ಶೆಡ್ಡಿನಲ್ಲಿ ಇಳಿಸಿಯೇ ಬಿಟ್ಟರು. ಎರಡೇ ಸೀಟು, ಬಟ್ಟೆ ಬಿಗಿದ ರೆಕ್ಕೆ, ಮುಂದೆ ಒಂದು ಪಂಖಾ. ನಮ್ಮೂರ ಟಂಟಂ ರಿಕ್ಷಾ ಅದಕ್ಕಿಂತ ಗಟ್ಟಿಯಾಗಿತ್ತು. ಅಂದಿನಿಂದ ಊರಿಗೆಲ್ಲ ಅವರು ‘ಇಮಾನದ ಕಾಕಾ’ ಆದರು.

ಗಾಳಿ ಯಾವ ಕಡೆಯದು ಎಂದು ತಿಳಿಯಲು ಕಂಬಕ್ಕೆ ಕಟ್ಟುವ ಈ ಚೀಲವನ್ನು ಹೊಲಿದುಕೊಟ್ಟವಳು ನಾನು. ಮೊದಲ ಸಲ ತಿಳಿಯದೆ ಒಂದು ಬಾಯಿ ಮುಚ್ಚಿ ಹೊಲಿದಿದ್ದೆ. ಕಾಕಾ ಅದನ್ನು ಎತ್ತಿ ಹಿಡಿದು, "ಯವ್ವಾ, ತಲಿದಿಂಬ ಹೊಲದಿಯಲ್ಲ!" ಎಂದು ಒಂದು ವಾರ ಕಾಡಿದರು.

ತಪ್ಪಾದದ್ದು ರನ್‌ವೇ ಮಾಡುವಾಗ. ಬಳ್ಳಿ ಒಣಗಿದ ಒಂದು ತುಂಡು ತೋಟ ಕಿತ್ತು, ಪೂರ್ವ ಪಶ್ಚಿಮ ಉದ್ದಕ್ಕೆ ನೀರು ಹೊಡೆದು, ಕಲ್ಲಿನ ರೋಲರ್ ಎಳೆಸಿ, ಅಂಗೈಯಂಥ ನೆಲ ಮಾಡಿದರು. ಕಾಕು ಅದಕ್ಕೆ ಅರಿಷಿಣ ಕುಂಕುಮ ಹಚ್ಚಿ ಕಾಯಿ ಒಡೆದರು. ಹೊಸ ಕಣ ಮಾಡಿದಾಗ ಹೇಗೋ ಹಾಗೆ! ಮಂದಿ ನೋಡಿದರು. ಗಟ್ಟಿ ನೆಲ, ಪೂಜೆ ಆಗಿದೆ, ಮತ್ತೇನು ಬೇಕು? ಆ ಸುಗ್ಗಿಯಲ್ಲಿ ಒಬ್ಬರು ಗೋವಿನಜೋಳ ತಂದು ಹರವಿದರು. ಕಾಕಾ ಬೇಡ ಎನ್ನಲಿಲ್ಲ. ಮುಂದಿನ ವರ್ಷ ನಾಲ್ಕು ಮನೆಯವರು ತಂದರು. ಕಣಕ್ಕೆ ಚಪ್ಪಲಿ ಹಾಕಿ ಇಳಿಯುವುದಿಲ್ಲ, ಒಡೆಯರಿಲ್ಲದಾಗ ಇನ್ನೊಬ್ಬರ ರಾಶಿಗೆ ಕೈ ಹಚ್ಚುವುದಿಲ್ಲ. ಇದು ನಮ್ಮ ಕಡೆ ಯಾರೂ ಹೇಳಿಕೊಡದ ಮಾತು. ಹೀಗಾಗಿ ವಿಮಾನದ ಒಡೆಯ ಬರಿಗಾಲಲ್ಲಿ ತನ್ನದೇ ರನ್‌ವೇಯ ಅಂಚಿನಲ್ಲಿ ಓಡಾಡುತ್ತ, ಯಾರದು ಯಾವಾಗ ಒಣಗೀತು ಎಂದು ಕಾಯುತ್ತಿದ್ದ. ನನಗೆ ನೋಡಿ ನೋಡಿ ಮೈ ಉರಿಯುತ್ತಿತ್ತು. "ಕಡ್ಡಿ ಮುರಧಂಗ ಬ್ಯಾಡಂತ ಹೇಳ್ರೆಲಾ ಕಾಕಾ," ಎಂದರೆ, "ಕಾಳ ಐತೆವಾ. ಕಾಳಿಗಿ ಹೆಂಗ ಬ್ಯಾಡನ್ನೂದು?" ಎನ್ನುತ್ತಿದ್ದರು. ಹಾಗೆ ಬೈದ ನಾನೂ ಮರುವರ್ಷ ನನ್ನ ಸೋಯಾ ಅಲ್ಲೇ ಹರವಿದೆ. ನಮ್ಮ ಅಂಗಳ ಚಿಕ್ಕದು ಎನ್ನುವ ನೆಪ ಇತ್ತಲ್ಲ!

ಒಂದು ಭಾನುವಾರ ಕಾಕಾನ ಹಾರುವ ಗೆಳೆಯರು ಮೂವರು ಕಾರಿನಲ್ಲಿ ಬಂದಿದ್ದರು. ಪುಣೆಯ ನಿವೃತ್ತ ಕ್ಯಾಪ್ಟನ್ ಒಬ್ಬರು, ಕೊಲ್ಹಾಪುರದ ಕಾರ್ಖಾನೆಯವರೊಬ್ಬರು, ಸಾಂಗಲಿಯ ಹೆಂಗಸೊಬ್ಬರು, ಎಲ್ಲರೂ ಡಾಕ್ಟರ್ ಬಾಯಿ ಎನ್ನುವವರು. ಶೆಡ್ಡಿನಲ್ಲಿ ವಿಮಾನದ ರೆಕ್ಕೆಯ ಕೆಳಗೇ ಚಾಪೆ ಹಾಸಿ ಕೂತು ಜುಣಕ ರೊಟ್ಟಿ ತಿಂದರು. ಮರಾಠಿಯಲ್ಲೊಂದಿಷ್ಟು, ಕನ್ನಡದಲ್ಲೊಂದಿಷ್ಟು ಮಾತು. ಯಾರು ಎಲ್ಲಿ ಕಲಿತರು, ಯಾರ ಹತ್ತಿರ ಯಾವ ವಿಮಾನ, ಎಷ್ಟು ತಾಸು ಹಾರಿದ್ದಾರೆ, ಎಲ್ಲಿ ಕೆಟ್ಟು ಯಾವ ಹೊಲದಲ್ಲಿ ಇಳಿಸಿದರು... ಡಾಕ್ಟರ್ ಬಾಯಿಯ ವಿಮಾನ ನಾಲ್ಕು ಸೀಟಿನದಂತೆ, ಅವರ ತಂದೆಯದಂತೆ. ಕಾರ್ಖಾನೆಯವರು ಒಂದನ್ನು ಮಾರಿ ಇನ್ನೊಂದು ಕೊಂಡಿದ್ದರಂತೆ, ನಾವು ಎಮ್ಮೆ ಬದಲಿಸಿದ ಹಾಗೆ. ಕ್ಯಾಪ್ಟನ್‌ಗೆ ತಮ್ಮ ತಾಸುಗಳ ಲೆಕ್ಕವೇ ತಪ್ಪಿತ್ತು. ಕಾಕಾನ ಸರದಿ ಬಂದಾಗ ಅವರು ರೊಟ್ಟಿ ಮುರಿಯುತ್ತ, "ನಂದು ಎಂಬತ್ತಾರು ತಾಸ್ರಿ," ಎಂದರು. ಯಾರೂ ನಗಲಿಲ್ಲ. ಕ್ಯಾಪ್ಟನ್ ಎದ್ದು ಹೋಗಿ ಇಂಜಿನ್ನಿನ ಮುಚ್ಚಳ ತೆಗೆದು ಬಹಳ ಹೊತ್ತು ನೋಡಿ, "ಇಷ್ಟು ಸ್ವಚ್ಛ ಇಂಜಿನ್ ನಾ ಎಲ್ಲೂ ನೋಡಿಲ್ರಿ," ಎಂದರು. ಕಾಕಾ ಕೆಂಪಾದರು. ನಾನು ಚಹಾ ಕೊಡುತ್ತ ನೋಡಿದೆ.

ಎಂಬತ್ತಾರಕ್ಕೆ ನಿಂತದ್ದು ಯಾಕೆಂದರೆ ನೆಲ ಖಾಲಿ ಇರುತ್ತಿರಲಿಲ್ಲ. ಸುಗ್ಗಿ ಮುಗಿದರೆ ಮಳೆ, ಮಳೆ ಮುಗಿದರೆ ಸುಗ್ಗಿ.

ಆಮೇಲಿನದು ಆ ಗುರುವಾರ. ಅಕ್ಟೋಬರಿನ ಬಿಸಿಲು. ರನ್‌ವೇಯಲ್ಲಿ ಉಳಿದದ್ದು ನನ್ನ ಸೋಯಾ ಒಂದೇ, ಅದೂ ನಟ್ಟ ನಡುವೆ. ಸಂಜೆ ನಾನು ಕಾಳು ಆಡಿಸುತ್ತಿದ್ದೆ. ಕಾಕಾ ಚಪ್ಪಲಿ ಅಂಚಿನಲ್ಲಿ ಬಿಟ್ಟು ಬಂದರು. ಬಗ್ಗಿ ಒಂದು ಕಾಳು ಎತ್ತಿ ಹಲ್ಲಿಗೆ ಹಾಕಿ ಕಡಿದರು.

"ಒಣಗೇತೇನವಾ?"

"ಇನ್ನೊಂದೆಲ್ಡ ಬಿಸಲ ಬೇಕ್ರಿ ಕಾಕಾ."

"ಹೂಂ. ಆತು ತಗೋ."

ಅಷ್ಟೇ. ಮಾರನೆಯ ದಿನ ಕುಡಚಿಯಲ್ಲಿ ನನ್ನ ಸೋದರತ್ತೆಯ ಮಗಳಿಗೆ ಏಳನೇ ತಿಂಗಳ ಕುಬಸ. ಹಸಿರು ಸೀರೆ ತೆಗೆದಿಟ್ಟು ನಾಲ್ಕು ದಿನವಾಗಿತ್ತು. ಕಾಳು ಚೀಲಕ್ಕೆ ತುಂಬುವ ಕೆಲಸವನ್ನು ತಿರುಗಿ ಬಂದ ಮೇಲೆ ನೋಡಿದರಾಯಿತು ಎಂದುಕೊಂಡು ಬೆಳಗಿನ ಬಸ್ಸಿಗೆ ಹೋದೆ.

ಶುಕ್ರವಾರ ಪರೀಕ್ಷಕರು ಬರುವವರಿದ್ದರು. ಕಾಕಾನ ಪರವಾನಗಿ ಹೊಸದಾಗಬೇಕಾದರೆ ಅವರು ಬಂದು ವಿಮಾನ ನೋಡಿ, ಪಕ್ಕದಲ್ಲಿ ಕೂತು ಒಂದು ಸುತ್ತು ಹಾರಿ, ಸಹಿ ಹಾಕಬೇಕು. ಕಾಕಾನ ಕಣ್ಣಿನಲ್ಲಿ ಪೊರೆ ಬರುತ್ತಿತ್ತು. ಮುಂದಿನ ಸಲ ಆರೋಗ್ಯದ ಸರ್ಟಿಫಿಕೇಟಿಗೆ ತಾವು ಸಹಿ ಮಾಡುವುದಿಲ್ಲ ಎಂದು ಕಣ್ಣಿನ ಡಾಕ್ಟರು ಖಡಾಖಂಡಿತ ಹೇಳಿಬಿಟ್ಟಿದ್ದರು. ಆ ಶುಕ್ರವಾರ ತಪ್ಪಿದರೆ ಮುಗಿಯಿತು. ಇದೆಲ್ಲ ನನಗೆ ಗೊತ್ತಾದದ್ದು ವಾರದ ಮೇಲೆ, ಕಾಕುವಿನ ಬಾಯಿಂದ. ಪರೀಕ್ಷಕರು ರನ್‌ವೇ ನೋಡಿ, ಬದಿಗೆ ಸರಿಸಿಬಿಡಿ, ಹತ್ತು ನಿಮಿಷದ ಕೆಲಸ ಎಂದರಂತೆ. ಅದಕ್ಕೆ ಈ ಮನುಷ್ಯ, "ಒಡ್ಯಾರ ಇಲ್ದ ರಾಶಿ ಮುಟ್ಟಾಂಗಿಲ್ರಿ. ಅಕಿ ಬರ್ತಾಳ," ಎಂದು ಅವರಿಗೆ ಊಟ ಹಾಕಿ ಕೂಡಿಸಿಕೊಂಡರಂತೆ. ಅವರು ಐದು ಗಂಟೆಯವರೆಗೆ ಗಡಿಯಾರ ನೋಡಿ ನೋಡಿ ಎದ್ದರಂತೆ. ಮತ್ತೆ ಬರುವುದು ಆರು ತಿಂಗಳ ಮೇಲೆಯೇ ಎಂದರಂತೆ.

"ಫೋನ್ ಹಚ್ಚಬೇಕಿಲ್ಲೇನ್ರಿ ಕಾಕು!" ಎಂದು ನಾನು ಕೂಗಿಯೇ ಬಿಟ್ಟೆ.

"ನಾ ಹಚ್ಚಾಕ ಹ್ವಾದ್ನೆವಾ. ಫೋನ ಕಸಗೊಂಡ್ರು. ಕುಬಸದಾಗ ಕುಂತಾಕಿಗಿ ರಾಶಿ ತಗಿ ಬಾ ಅಂತ ಹೇಳ್ತಿಯೇನ ಅಂದ್ರು."

ಕುಡಚಿಯೇನು ಕಾಶಿಯೇ? ಜೀಪು ಹಿಡಿದಿದ್ದರೆ ಮಧ್ಯಾಹ್ನಕ್ಕೆ ಮುಟ್ಟುತ್ತಿದ್ದೆ. ಗುರುವಾರ ಸಂಜೆಯೇ ‘ನಾಳೆ ಸಾಹೇಬರು ಬರ್ತಾರ’ ಎಂಬ ಮೂರು ಮಾತು ಆಡಲು ಏನಾಗಿತ್ತು? ಇಂಜಿನ್ನಿನ ಒಂದೊಂದು ನಟ್ಟು ಬಿಚ್ಚಿ ಒರೆಸುವ ಮನುಷ್ಯನಿಗೆ ಪಕ್ಕದ ಹೊಲದವಳಿಗೆ ಒಂದು ಮಾತು ನೇರ ಹೇಳಲು ಬರಲಿಲ್ಲವಲ್ಲ... ಈಗಲೂ ಆ ಸಿಟ್ಟು ಇಳಿದಿಲ್ಲ.

ಅವತ್ತು ನಾನು ಐದು ಗಂಟೆಯ ಬಸ್ಸಿಗೆ ಇಳಿದಾಗ ಬಿಳಿ ಕಾರೊಂದು ಧೂಳೆಬ್ಬಿಸಿ ಹೋದದ್ದು ಕಂಡಿತ್ತು. ಕಾಕಾ ಶೆಡ್ಡಿನ ಬಾಗಿಲು ಎಳೆಯುತ್ತಿದ್ದರು. ಇಸ್ತ್ರಿ ಮಾಡಿದ ಅಂಗಿ, ಹೊಸ ಬೂಟು. ನನ್ನ ನೋಡಿ ಕೇಳಿದ್ದು ಇಷ್ಟೇ: "ಕುಬಸ ಚಲೋ ಆತೇನವಾ?" ನಾನು ಮಳ್ಳಿಯ ಹಾಗೆ ಊಟಕ್ಕೆ ಏನೇನು ಮಾಡಿದ್ದರು ಎಂದೆಲ್ಲ ಹೇಳುತ್ತ ನಿಂತೆ.

ಆರು ತಿಂಗಳಿಗೆ ಡಾಕ್ಟರು ತಮ್ಮ ಮಾತಿನಂತೆಯೇ ಸಹಿ ಮಾಡಲಿಲ್ಲ. ಮರುವರ್ಷ ಕಾರ್ಖಾನೆಯವರು ಬಂದು ರೆಕ್ಕೆ ಬಿಚ್ಚಿ ಲಾರಿಯಲ್ಲಿ ವಿಮಾನ ಒಯ್ದರು. ನಟ್ಟು ಬೋಲ್ಟು ಎಲ್ಲ ಕಾಕಾನೇ ಬಿಚ್ಚಿಕೊಟ್ಟರು, ಒಂದೊಂದಕ್ಕೂ ಚೀಟಿ ಅಂಟಿಸಿ. ಗಾಳಿಯ ಚೀಲವನ್ನು ಮಾತ್ರ ಇಳಿಸಿ ನನಗೆ ಕೊಟ್ಟು, "ನಿಂದ ಐತಿ, ಇಟಗೊ," ಎಂದರು. ಆಗಲಾದರೂ ಬಾಯಿ ಬಿಡಬೇಕಿತ್ತು ನಾನು. ಬಿಡಲಿಲ್ಲ. ಹೋದ ವರ್ಷ ಕಾಕಾ ಹೋದರು. ಕಾಕು ಈಗ ಮಗಳ ಮನೆ ಅಥಣಿಯಲ್ಲಿದ್ದಾರೆ. ರನ್‌ವೇಯಲ್ಲಿ ಆಳೆತ್ತರ ಕಬ್ಬು ನಿಂತಿದೆ. ನಮ್ಮ ಸೋಯಾ ಈಗ ಡಾಂಬರು ರಸ್ತೆಯ ಮೇಲೆ ಹರವುತ್ತೇವೆ. ಬೈಕಿನವರು ಅದರ ಮೇಲೆಯೇ ಹಾಯ್ದು ಹೋಗುತ್ತಾರೆ, ಯಾರೂ ನಿಲ್ಲುವುದಿಲ್ಲ.

ಚೀಲವನ್ನು ಕತ್ತರಿಸಲು ಮನಸ್ಸು ಬರಲಿಲ್ಲ. ಮಾಳಿಗೆಗೆ ಒಯ್ದು ಹಳೆ ಆಂಟೆನಾದ ಕೋಲಿಗೆ ಕಟ್ಟಿದೆ. ಸ್ವಲ್ಪ ಹೊತ್ತು ಜೋತು ಬಿದ್ದಿದ್ದು ಆಮೇಲೆ ತುಂಬಿಕೊಂಡು ನೆಟ್ಟಗಾಯಿತು. ಪಡುವಣ ಗಾಳಿ, ರನ್‌ವೇಯ ನೇರಕ್ಕೇ. ಹಾರಲು ಇದಕ್ಕಿಂತ ಒಳ್ಳೆಯ ಗಾಳಿ ಇಲ್ಲ ಎಂದು ಹೇಳಿಕೊಟ್ಟವರೂ ಅವರೇ.

ಒಣಗಿತ್ತು ಕಾಕಾ. ಬುಧವಾರವೇ ಒಣಗಿತ್ತು. ಕುಬಸಕ್ಕೆ ಹೋಗುವ ಗಡಿಬಿಡಿಯಲ್ಲಿ ಚೀಲ ತುಂಬಲು ಬೇಸರವಾಗಿ ಸುಳ್ಳು ಹೇಳಿದೆ. ಹಸಿ ಕಾಳು ಹಲ್ಲಿಗೆ ಮೆತ್ತಗೆ ಸಿಗುತ್ತದೆ, ಒಣಗಿದ್ದು ಕಟ್ ಎನ್ನುತ್ತದೆ. ಆ ಸಂಜೆ ನಿಮ್ಮ ಬಾಯಲ್ಲಿ ಅದು ಕಟ್ ಎಂದದ್ದು ನನಗೂ ಕೇಳಿಸಿತ್ತು.