ಬೆಂಕಿಕೈಗೆ ಸಿಕ್ಕ ಜರೀಗಿಡ

ಇಸ್ತ್ರಿ ಅಂಗಡಿಯ ಇಸ್ತ್ರಿಯಮ್ಮನಿಗೆ ಅವಳ ದೊಡ್ಡಕ್ಕ ಇಟ್ಟ ಅಡ್ಡಹೆಸರು ಬೆಂಕಿಕೈ. ಹತ್ತು ವರ್ಷದವಳಿದ್ದಾಗ ಅಪ್ಪನ ಬಿಳಿ ಅಂಗಿಯ ಬೆನ್ನಿನ ಮೇಲೆ ಕಾದ ಇಸ್ತ್ರಿಪೆಟ್ಟಿಗೆ ಇಟ್ಟು, ಕಿಟಕಿಯಾಚೆ ಬೆಕ್ಕು ನೋಡುತ್ತ ನಿಂತುಬಿಟ್ಟಿದ್ದಳು. ಅಂಗಿಯ ಮೇಲೆ ದೋಣಿಯಂಥ ಕಂದು ಗುರುತು ಬಿತ್ತು. ಅಪ್ಪ ಅದರ ಮೇಲೊಂದು ಕೋಟು ಹಾಕಿಕೊಂಡು ಓಡಾಡಿ ಮರೆತರು, ದೊಡ್ಡಕ್ಕ ಮರೆಯಲಿಲ್ಲ. ಅಂದಿನಿಂದ ಐವತ್ತು ವರ್ಷ ತಂಗಿಯ ಕೈಗೆ ಅವಳು ಒಂದು ಸೂಜಿಯನ್ನೂ ನಂಬಿ ಕೊಟ್ಟವಳಲ್ಲ. ತಂಗಿ ಅದೇ ಪೆಟ್ಟಿಗೆ ಹಿಡಿದು ಹೊಟ್ಟೆ ಹೊರೆದಳು, ಬೀದಿಯ ಅರ್ಧ ಜನರ ಬಟ್ಟೆ ನೆಟ್ಟಗೆ ಮಾಡಿದಳು. ಆದರೆ ಹೆಸರಿಗೆ ಬಿದ್ದ ಸುಕ್ಕು ಮಾತ್ರ ಬಿಡಲಿಲ್ಲ.

ಅಂಥ ದೊಡ್ಡಕ್ಕ ಮಗಳ ಬಾಣಂತನಕ್ಕೆ ಹೊರಟಾಗ ತನ್ನ ಜರೀಗಿಡದ ಕುಂಡವನ್ನು ಎದೆಗೊತ್ತಿಕೊಂಡು ಅಂಗಡಿಗೇ ಬಂದಳು. ಬೇರೆ ಯಾರೂ ಒಪ್ಪಿರಲಿಲ್ಲ ಎಂಬುದು ಬೇರೆ ಮಾತು. ಬಾಚಣಿಗೆ ಹಲ್ಲಿನಂಥ ಎಲೆಗಳು, ತಲೆ ತೊಳೆದು ಕೂದಲು ಹರಡಿ ಕೂತವಳ ಹಾಗೆ ಕುಂಡದ ಸುತ್ತ ಇಳಿಬಿದ್ದಿದ್ದವು.

"ಇದಕ್ಕೆ ತೇವದ ಗಾಳಿ ಬೇಕು ಕಣೇ. ಮೂರು ತಿಂಗಳು ಇದರ ಜೀವ ಉಳಿಸು, ನಿನ್ನ ಹಳೇ ಹೆಸರು ನಾನೇ ಅಳಿಸ್ತೀನಿ" ಎಂದಳು.

ತೇವದ ಗಾಳಿ ಎಂದಮೇಲೆ ಇಸ್ತ್ರಿಯವರಿಗೆ ಯೋಚನೆಯೇನು? ಇಸ್ತ್ರಿಯಮ್ಮ ಕುಂಡವನ್ನು ಮೇಜಿನ ಪಕ್ಕದ ಗೂಡಿನಲ್ಲೇ ಇಟ್ಟಳು. ನೀರು ಚಿಮುಕಿಸಿದ ಬಟ್ಟೆಯ ಮೇಲೆ ಪೆಟ್ಟಿಗೆ ಓಡಿದಾಗಲೆಲ್ಲ ಬುಸ್ಸೆಂದು ಏಳುವ ಆವಿ ನೇರವಾಗಿ ಗಿಡಕ್ಕೇ. ಬೆಳಗಿನಿಂದ ಸಂಜೆಯವರೆಗೂ ಕುಡಿಯುತ್ತಲೇ ಇದೆಯಲ್ಲ, ಇನ್ನು ಇದಕ್ಕೆ ನೀರೆಲ್ಲಿ ಹಿಡಿಸೀತು ಎಂದುಕೊಂಡು, ನೆನಪಾದಾಗ ಅರ್ಧ ಲೋಟ ಹಾಕುತ್ತಿದ್ದಳು. ಆವಿಯ ಬೆನ್ನಿಗೇ ಪೆಟ್ಟಿಗೆಯ ಝಳವೂ ಹೋಗಿ ಗಿಡಕ್ಕೆ ಬಡಿಯುತ್ತಿದ್ದುದು ಅವಳ ತಲೆಗೇ ಹೊಳೆಯಲಿಲ್ಲ.

ಇನ್ನು ಮೂರು ವಾರಕ್ಕೆ ಬರುತ್ತೇನೆಂದು ದೊಡ್ಡಕ್ಕನ ಫೋನು ಬಂದ ದಿನ ಇಸ್ತ್ರಿಯಮ್ಮ ಗಿಡವನ್ನು ಕಣ್ಣುಬಿಟ್ಟು ನೋಡಿದಳು. ಮುಟ್ಟಿದರೆ ಎಲೆ ಪುಡಿಪುಡಿ. ಮಣ್ಣು ಬಿಗಿದು ಕುಂಡದ ಅಂಚನ್ನೇ ಬಿಟ್ಟಿತ್ತು. ಗಾಬರಿಯಲ್ಲಿ ಒಂದು ಚೊಂಬು ನೀರು ಸುರಿದಳು. ಅದು ಮಣ್ಣನ್ನು ಮೂಸಿಯೂ ನೋಡದೆ ಸಂದಿಯಲ್ಲಿ ಜಾರಿ, ಕೆಳಗೆ ಮಡಿಸಿಟ್ಟಿದ್ದ ವಕೀಲರ ಬಿಳಿ ಅಂಗಿಯನ್ನು ತೋಯಿಸಿತು.

ಗಂಟು ಹೊತ್ತು ಮನೆಮನೆಗೆ ಮುಟ್ಟಿಸುವ ಗಂಡ ಬಾಗಿಲಲ್ಲೇ ನಿಂತಿದ್ದ. "ಗಿಡ ಚಿಗುರದಿದ್ರೂ ವಕೀಲರ ಅಂಗಿ ಚಿಗುರುತ್ತೆ ಬಿಡು" ಎಂದ. ಅಳಬೇಕಾದ ಹೊತ್ತಲ್ಲಿ ಇಸ್ತ್ರಿಯಮ್ಮನಿಗೆ ನಗು ಬಂದು ಬಿಕ್ಕಳಿಕೆ ಹತ್ತಿಕೊಂಡಿತು.

ಬಿಕ್ಕುತ್ತಲೇ ಅಂಗಿಯನ್ನು ಮತ್ತೆ ಇಸ್ತ್ರಿಗೆ ಹಿಡಿದಾಗ ಅವಳ ಕೈ ನಿಂತಿತು. ಬಿಸಿಲಿಗೆ ಸೆಟೆದ ಬಟ್ಟೆಗೆ ಯಾರಾದರೂ ನೀರು ಸುರಿಯುತ್ತಾರೆಯೇ? ಚಿಮುಕಿಸಿ, ಸುರುಳಿ ಸುತ್ತಿ, ಸುಮ್ಮನೆ ಬಿಟ್ಟರೆ ತೇವ ತಾನಾಗಿ ಎಳೆಯಿಂದ ಎಳೆಗೆ ನಡೆಯುತ್ತದೆ. ನಲವತ್ತು ವರ್ಷದಿಂದ ಗೊತ್ತಿದ್ದ ವಿದ್ಯೆ, ಗಿಡಕ್ಕೇಕೆ ಹೊಳೆಯಲಿಲ್ಲ?

ಈ ಸಲ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿಯೇ ಓಡಿದಳು. ಕುಂಡವನ್ನು ಕತ್ತಿನವರೆಗೆ ಬಕೆಟ್ಟಿನ ನೀರಿನಲ್ಲಿ ಮುಳುಗಿಸಿದಳು. ಗುಳುಗುಳು ಗುಳ್ಳೆ ಎದ್ದವು. ಗಂಡಹೆಂಡತಿ ಇಬ್ಬರೂ ಕುಕ್ಕರುಗಾಲಲ್ಲಿ ಕೂತು ಸಿನಿಮಾ ನೋಡಿದ ಹಾಗೆ ನೋಡಿದರು. ಬಟ್ಟೆ ಒಯ್ಯಲು ಬಂದ ನರ್ಸಮ್ಮನೂ ಜೊತೆಗೆ ಕೂತಳು. ಗುಳ್ಳೆ ನಿಂತಮೇಲೆ ಕುಂಡ ಎತ್ತಿ ನೀರು ಬಸಿದು, ಒಣ ಎಲೆಗಳನ್ನೆಲ್ಲ ದಾರದ ಕತ್ತರಿಯಲ್ಲಿ ಬುಡಮಟ್ಟ ಕತ್ತರಿಸಿದಳು. ಬೋಳು ಗಿಡಕ್ಕೆ ಹಳೇ ಹೊದಿಕೆಯೊಂದನ್ನು ಒದ್ದೆ ಮಾಡಿ ಸುತ್ತಿ, ಮೇಜಿನಿಂದ ದೂರ, ಬಿಸಿಲು ಬೀಳದ ಕಿಟಕಿಯಲ್ಲಿ ಕೂರಿಸಿದಳು. ದಿನಾ ಬೆಳಿಗ್ಗೆ ಮೊದಲ ಚಿಮುಕು ಅದಕ್ಕೇ. ಒಳಗೆ ಮಣ್ಣು ಒಣಗಿದೆ ಎನಿಸಿದರೆ ಮತ್ತೆ ಬಕೆಟ್ಟು.

ಹದಿನಾಲ್ಕನೇ ದಿನ ಬಸವನಹುಳುವಿನ ಹಾಗೆ ಸುರುಳಿ ಸುತ್ತಿಕೊಂಡ ಒಂದು ಹಸಿರು ಮೂತಿ ಮೇಲೆ ಬಂತು. ಇಸ್ತ್ರಿಯಮ್ಮ ಅಂಗಡಿ ಬಿಟ್ಟು ಬೀದಿಗಿಳಿದು, ಹಾಲಿನವನಿಗೆ, ಅಂಚೆಯವನಿಗೆ, ದಾರಿ ಕೇಳಲು ನಿಂತ ಅಪರಿಚಿತನಿಗೂ ಹೇಳಿ ಬಂದಳು. ಅವನು ದಾರಿ ಮರೆತು ಗಿಡ ನೋಡಿಕೊಂಡು ಹೋದ.

ದೊಡ್ಡಕ್ಕ ಬಸ್ಸಿಳಿದು ನೇರ ಅಂಗಡಿಗೇ ಬಂದಳು. ತಂಗಿ ಉಸಿರು ಬಿಡದೆ ಆವಿ, ಝಳ, ಬಕೆಟ್ಟು ಎಲ್ಲ ಒಪ್ಪಿಸಿಬಿಟ್ಟಳು. ದೊಡ್ಡಕ್ಕ ಮುಖ ಬಿಗಿದುಕೊಂಡೇ ಕುಂಡವನ್ನು ಎತ್ತಿ ತಂದು, ಜಾಗಕ್ಕೆಂದು ಮೇಜಿನ ಮೇಲಿದ್ದ ಪೆಟ್ಟಿಗೆಯನ್ನು ಪಕ್ಕಕ್ಕೆ ಸರಿಸಿ, ಒದ್ದೆ ಬಟ್ಟೆ ಬಿಚ್ಚಿದಳು. ಐದು ಸುರುಳಿ, ಮುಷ್ಟಿ ಬಿಗಿದ ಕೂಸಿನ ಕೈಯ ಹಾಗೆ.

"ಮೂರು ತಿಂಗಳು ಅಲ್ಲಿ ಕೂಸಿಗೆ ಬಟ್ಟೆ ಸುತ್ತಿ ಸುತ್ತಿ ಕೈ ಸೋತು ಬಂದೆ ಕಣೇ" ಎಂದಳು, ನಗು ತಡೆದುಕೊಂಡು. "ಇಲ್ಲೂ ಒಂದು ಮಲಗಿಸಿದ್ದೀಯಾ?"

ಆಮೇಲೆ ಇಬ್ಬರೂ ಒಬ್ಬರ ಹೆಗಲ ಮೇಲೊಬ್ಬರು ಬಿದ್ದು ನಕ್ಕರು. ಒಂದೊಂದು ಸುರುಳಿಯನ್ನೂ ಎಣಿಸಿ, ಮುಟ್ಟಿ, ಮತ್ತೆ ಎಣಿಸಿದರು. ಗಂಡ ಬಂದು ಮೂಗರಳಿಸಿ ಏನೋ ಸೀದ ವಾಸನೆ ಎಂದಾಗಲೇ ತಿರುಗಿದ್ದು. ದೊಡ್ಡಕ್ಕ ಪೆಟ್ಟಿಗೆಯನ್ನು ಸರಿಸಿ ಇಟ್ಟಿದ್ದು ವಕೀಲರ ಬಿಳಿ ಅಂಗಿಯ ಬೆನ್ನಿನ ಮೇಲೆ, ಬೋರಲಾಗಿ. ಎತ್ತಿದರೆ ದೋಣಿ, ಐವತ್ತು ವರ್ಷದ ಹಿಂದಿನದೇ ಅಳತೆ.

ದೊಡ್ಡಕ್ಕ ಅಂಗಿಯನ್ನು ಮಡಿಸಿ ಗುರುತು ಮುಚ್ಚಿದಳು. ಹೊಸ ಅಂಗಿ ತಾನೇ ಹೊಲಿಸಿಕೊಡುವುದಾಗಿ ಪಿಸುಗುಟ್ಟಿದಳು.

"ಇರಲಿ ಬಿಡಕ್ಕ, ಅಲ್ಲೀವರೆಗೂ ಮೇಲೆ ಕೋಟು ಇರುತ್ತಲ್ಲ" ಎಂದಳು ಇಸ್ತ್ರಿಯಮ್ಮ, ಗಿಡಕ್ಕೆ ಬಟ್ಟೆ ಸುತ್ತುತ್ತ. "ಹೆಸರು ಅಳಿಸೋದೇನೂ ಬೇಡ. ಇವತ್ತಿಂದ ನೀನೇ ಇಟ್ಕೋ."